ಅಮ್ಮನ ಬಾಯಲ್ಲಿ ಅವಳ ಹಲ್ಲು

ನಾನು ಹಲ್ಲಿನ ಡಾಕ್ಟರು. ಶಿವಮೊಗ್ಗದ ವಿದ್ಯಾನಗರದಲ್ಲಿ ನನ್ನದೇ ಕ್ಲಿನಿಕ್ ಇದೆ. ಗಾಜಿನ ಬಾಗಿಲು, ಎಸಿ, ಮಕ್ಕಳು ಅಳದಿರಲೆಂದು ಗೋಡೆಗೆ ಬರೆಸಿದ ಮೀನಿನ ಚಿತ್ರ, ಎಲ್ಲ ಇದೆ. ಆದರೂ ನನ್ನ ಹೆತ್ತ ತಾಯಿ ವರ್ಷಗಟ್ಟಲೆ ಹಾಕಿಕೊಂಡಿದ್ದು ಬೇರೊಬ್ಬಳು ಮಾಡಿಕೊಟ್ಟ ಹಲ್ಲು ಸೆಟ್ಟು. ದಿನಾ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ನನ್ನದೇ ಮನೆಯಲ್ಲಿ, ನನ್ನದೇ ಎದುರು ಕುಳಿತು ಅಮ್ಮ ಅವಳ ಹಲ್ಲಿನಲ್ಲಿ ನಗುತ್ತಿದ್ದಳು. ಬಡಗಿಯ ಮನೆಗೆ ಇನ್ನೊಬ್ಬ ಬಡಗಿ ಬಂದು ಬಾಗಿಲು ಕೂರಿಸಿ ಹೋದರೆ ಆ ಮನೆಯವನಿಗೆ ಹೇಗಾದೀತು? ನನಗೂ ಹಾಗೇ ಆಗುತ್ತಿತ್ತು.

ಆ ಹಲ್ಲು ಮಾಡಿದವಳು ತೀರಿಕೊಂಡು ವರ್ಷವಾಗುತ್ತಾ ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಇಪ್ಪತ್ತು ವರ್ಷ ಸಾಕಿ ಬೆಳೆಸಿದ ಹೊಟ್ಟೆಕಿಚ್ಚನ್ನು ಒಂದೇ ದಿನಕ್ಕೆ ಬಿಡಲು ಅದೇನು ಚಪ್ಪಲಿಯೇ, ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವುದಕ್ಕೆ?

ಅವಳ ಹೆಸರು ಬೇಡ. ಕಾಲೇಜಿನಲ್ಲಿ ನಾವ್ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಭದ್ರಾವತಿ’ ಅನ್ನುತ್ತಿದ್ದೆವು. ಮೊದಲು ಕರೆದದ್ದು ಕೀಟಲೆಗೆ. ಅವಳು ಮಾತ್ರ ಅದು ಹುಟ್ಟಿದಾಗಲೇ ಇಟ್ಟ ಹೆಸರೇನೋ ಎಂಬಂತೆ ತಿರುಗಿ ‘ಹ್ಞಾಂ, ಹೇಳು’ ಅಂದುಬಿಟ್ಟಳು. ಅಲ್ಲಿಗೆ ಕೀಟಲೆಯ ಸ್ವಾರಸ್ಯವೇ ಹೋಯಿತು.

ನಾವು ಓದಿದ ಡೆಂಟಲ್ ಕಾಲೇಜು ಇನ್ನೊಂದು ಜಿಲ್ಲೆಯಲ್ಲಿತ್ತು. ಮೊದಲ ದಿನ ಪ್ರೊಫೆಸರ್ ಒಬ್ಬರು ಒಬ್ಬೊಬ್ಬರನ್ನೇ ಎಬ್ಬಿಸಿ ಪಿಯುಸಿ ಎಲ್ಲಿ ಮಾಡಿದ್ದು ಎಂದು ಕೇಳುತ್ತಾ ಹೋದರು. ನನ್ನದು ಕರಾವಳಿಯ ಹೆಸರಾಂತ ಕಾಲೇಜು. ಅಲ್ಲಿ ಸೀಟು ಸಿಕ್ಕಿದಾಗ ನಮ್ಮಪ್ಪ ಬೀದಿಗೆಲ್ಲ ಪೇಡೆ ಹಂಚಿದ್ದರು. ಆ ಹೆಸರು ಹೇಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಪ್ರೊಫೆಸರು ‘ಗುಡ್’ ಅಂದರು. ನನ್ನ ಪಕ್ಕದಲ್ಲಿ ಒಬ್ಬಳು ಕುಳ್ಳಿ, ಮೊಣಕೈಯಷ್ಟು ದಪ್ಪ ಜಡೆಯವಳು, ಎದ್ದು ನಿಂತಳು.

“ಭದ್ರಾವತಿ, ಗೌರ್ಮೆಂಟ್ ಕಾಲೇಜು, ಸರ್.”

“ಕಷ್ಟ ಆಗತ್ತಲ್ಲಮ್ಮ ನಿನಗೆ ಇಲ್ಲಿ.”

“ಇಲ್ಲ ಸರ್. ನಮ್ಗೆ ಚೆನ್ನಾಗಿ ಕಲ್ಸಿದಾರೆ.”

ಕ್ಲಾಸು ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವಳು ಯಾಕೆ ನಗುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿ, ತಾನೂ ಸ್ವಲ್ಪ ನಕ್ಕು ಕೂತಳು. ಅವಮಾನ ಆದದ್ದೇ ಗೊತ್ತಾಗದವರನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಆ ದಿನ ಹಾಸ್ಟೆಲಿನಲ್ಲಿ ಮಲಗಿದಾಗ ನನಗೆ ಚುಚ್ಚಿದ್ದು ಅದೇ ಮಾತು. ನಾನು ಎರಡು ವರ್ಷ ಬೆಳಗಿನ ಜಾವದ ಬೆಲ್ಲಿಗೆ ಎದ್ದು, ಸ್ಪೈರಲ್ ಬೈಂಡು ಮಾಡಿದ ನೋಟ್ಸು ಉರು ಹೊಡೆದು, ಸಿಇಟಿಗೆಂದು ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವುದನ್ನು ಕಲಿತು ಬಂದವಳು. ನಮ್ಮ ಲ್ಯಾಬು ಬಹಳ ಚೆಂದವಿತ್ತು. ಪ್ರಯೋಗಗಳನ್ನು ಮಾತ್ರ ಡಿಕ್ಟೇಶನ್ ಕೊಟ್ಟು ಬರೆಸಿದರು, ಸಮಯ ವ್ಯರ್ಥವಾಗಬಾರದೆಂದು. ಇಷ್ಟೆಲ್ಲ ಆದ ಮೇಲೂ ಮೆಡಿಕಲ್ ಸೀಟು ತಪ್ಪಿ ಡೆಂಟಲ್ಲಿಗೆ ಬಂದಿದ್ದೆ. ‘ನಮ್ಗೆ ಚೆನ್ನಾಗಿ ಕಲ್ಸಿದಾರೆ’ ಎನ್ನುವ ಹಕ್ಕು ಇದ್ದದ್ದು ನನಗೆ. ಆದರೆ ಅದನ್ನು ಹೇಳುವ ಧೈರ್ಯ ನನ್ನಲ್ಲಿರಲಿಲ್ಲ. ಮೊದಲ ವಾರ ಹಾಸ್ಟೆಲಿನ ಅರ್ಧ ಹುಡುಗಿಯರು ಮೆಡಿಕಲ್ ಸಿಗಲಿಲ್ಲವೆಂದು ಅಳುತ್ತಿದ್ದರೆ ಅವಳು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕಡಲೆಬೀಜ ತಿನ್ನುತ್ತಾ, “ನಂಗೆ ಇದೇ ಬೇಕಿತ್ತು ಮಾರಾಯ್ತಿ, ನಂಗೆ ಹಲ್ಲು ಇಷ್ಟ” ಅಂದಿದ್ದಳು. ಹಲ್ಲು ಇಷ್ಟವಂತೆ!

ಎಲ್ಲವೂ ಅವಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು ಅಂದುಕೊಳ್ಳಬೇಡಿ. ಇಂಗ್ಲಿಷಿಗೆ ತಿಣುಕಾಡಿದಳು. ಪಾಠದ ನಡುವೆ ಕೈಯೆತ್ತಿ, “ಸರ್, ಅದನ್ನೊಂದ್ಸಲ ಕನ್ನಡದಲ್ಲಿ ಹೇಳಿ” ಅನ್ನುವಳು. ಉಳಿದವರಿಗೂ ಅರ್ಥವಾಗಿರುತ್ತಿರಲಿಲ್ಲ, ಆದರೆ ಕೇಳುವವಳು ಅವಳೊಬ್ಬಳೇ. ಬಯೋಕೆಮಿಸ್ಟ್ರಿಯ ಮೊದಲ ಇಂಟರ್ನಲ್ಸಿನಲ್ಲಿ ಅವಳು ಫೇಲಾದಾಗ ನನಗಾದ ಸಂತೋಷಕ್ಕೆ, ಮನೆಯಿಂದ ತಂದಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನೇ ಅವಳಿಗೆ ಕೊಟ್ಟೆ. ಅವಳು ಅದನ್ನು ಕರುಣೆ ಅಂದುಕೊಂಡಳು. ಬಾಟಲಿ ಖಾಲಿಯಾದ ಮೇಲೆ ತೊಳೆದು ತಂದಿಟ್ಟು, ಉತ್ತರಪತ್ರಿಕೆ ಬಿಚ್ಚಿ, “ಎಲ್ಲಿ ತಪ್ಪಿದೀನಿ ನೋಡೇ” ಎಂದು ಪಕ್ಕದಲ್ಲಿ ಕೂತಳು. ಅಂಥವಳ ಮೇಲೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದೂ ಕಷ್ಟ.

ಅಶಿಸ್ತಿನ ಪ್ರಾಣಿ. ಯಾವ ಕ್ಲಾಸಿಗೂ ಹೊತ್ತಿಗೆ ಬಂದವಳಲ್ಲ. ನನ್ನ ಹೇರ್‌ಪಿನ್ನುಗಳು ಒಂದೊಂದಾಗಿ ಅವಳ ಜಡೆ ಸೇರಿದವು, ಒಂದೂ ವಾಪಸು ಬರಲಿಲ್ಲ. ಕೆಲಸ ಮಾಡುವಾಗ ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ರಾಗವಿಲ್ಲದ ಏನನ್ನೋ ಗುನುಗುತ್ತಿದ್ದಳು. ಆದರೆ ಆ ಕೈ!

ಮೊದಲ ವರ್ಷ ನಮಗೆ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದನ್ನು ಕಲಿಸುತ್ತಾರೆ. ಚಿಕ್ಕ ಚಾಕು, ಬೆರಳುದ್ದದ ಮೇಣದ ಗಟ್ಟಿ, ಎದುರಿಗೆ ಮಾದರಿಗೊಂದು ನಿಜವಾದ ಹಲ್ಲು. ನನಗೆ ಕೋರೆಹಲ್ಲಿನ ವರ್ಣನೆ ಇಡೀ ಎರಡು ಪುಟ ಬಾಯಿಪಾಠ ಬರುತ್ತಿತ್ತು. ಕೆತ್ತಿದರೆ ಮಾತ್ರ ಅದು ಕೋರೆಹಲ್ಲೂ ಆಗದೆ ಮೂಲಂಗಿಯೂ ಆಗದೆ ನಡುವೆ ನಿಲ್ಲುತ್ತಿತ್ತು. ದವಡೆಹಲ್ಲು ಕೆತ್ತಿದಾಗ ಮೇಡಂ ಅದನ್ನು ಎತ್ತಿ ಹಿಡಿದು, “ಇಡ್ಲಿ ಯಾರದು?” ಎಂದು ಕ್ಲಾಸಿಗೆಲ್ಲ ಕೇಳಿದರು.

ಅವಳು ಚಾಕು ಮುಟ್ಟುತ್ತಲೇ ಇರಲಿಲ್ಲ. ಮೊದಲು ಹಲ್ಲನ್ನು ಅಂಗೈ ಮೇಲಿಟ್ಟು ನೋಡುವಳು. ಆಮೇಲೆ ಪಕ್ಕದವರನ್ನು ಮೊಣಕೈಯಿಂದ ತಿವಿದು, “ಇಲ್ಲಿ ಕೇಳು. ಇದು ಒಂದ್ಕಡೆ ಉಬ್ಬಿದೆ. ಈ ಅಂಚು ಗಿಡ್ಡ, ಆ ಅಂಚು ಉದ್ದ. ಬೇರು ಸ್ವಲ್ಪ ಆಕಡೆ ವಾಲಿದೆ. ಹೌದಾ ಅಲ್ವಾ?” ಎಂದು ಕೇಳುವಳು. ಅವರು ಹೌದು ಅಂದ ಮೇಲೆಯೇ ಕೆತ್ತಲು ಶುರು. ಕೆತ್ತಿದ್ದನ್ನೂ ನಿಜದ ಹಲ್ಲನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಬಣ್ಣ ನೋಡಿಯೇ ಹೇಳಬೇಕಿತ್ತು.

“ಇದೆಂಥ ಅಭ್ಯಾಸ ನಿಂದು?” ಎಂದು ಒಮ್ಮೆ ರೇಗಿದೆ.

“ಊರಿನ ಕಾಲೇಜಲ್ಲಿ ಹಿಂಗೇ ಮಾಡ್ತಿದ್ವಿ. ಇಡೀ ಕ್ಲಾಸಿಗೆ ಒಂದೇ ಮೈಕ್ರೋಸ್ಕೋಪು ಮಾರಾಯ್ತಿ. ಕಣ್ಣಿಟ್ಟು ನೋಡ್ಬೇಕು, ಏಳ್ಬೇಕು, ನೋಡಿದ್ದನ್ನ ಹಿಂದೆ ನಿಂತೋರಿಗೆ ಹೇಳ್ಬೇಕು. ಅವ್ರು ನೋಡಿ ‘ಹೌದು’ ಅಂದ್ರೇನೇ ಮೇಡಂ ನಮ್ಗೆ ಚಿತ್ರ ಬರ್ಯಕ್ಕೆ ಬಿಡ್ತಿದ್ರು. ನಮ್ಮನೇಲಿ ತಮಿಳು. ನನ್ನ ಹಿಂದಿನೋಳ ಮನೇಲಿ ತೆಲುಗು, ಅವಳ ಹಿಂದಿನೋನ ಮನೇಲಿ ಉರ್ದು. ಹೇಳಿದ್ದು ಅರ್ಥ ಆಗ್ಲಿಲ್ಲ ಅಂದ್ರೆ ತಪ್ಪು ನಂದೇ, ಅವ್ರದಲ್ಲ.” ಆಮೇಲೆ ನನ್ನ ಇಡ್ಲಿಯತ್ತ ಗದ್ದದಿಂದ ಸನ್ನೆ ಮಾಡಿ, “ನೀನೂ ಒಂದ್ಸಲ ಹೇಳು ನಂಗೆ. ಈ ಹಲ್ಲಲ್ಲಿ ಏನು ಕಾಣ್ತಿದೆ?” ಅಂದಳು.

“ನಾನು ಪುಸ್ತಕ ನೋಡ್ಕೋತೀನಿ” ಅಂದೆ.

ಪುಸ್ತಕ ನೋಡಿಕೊಂಡೆ. ವರ್ಷದ ಕೊನೆಗೆ ಥಿಯರಿಯಲ್ಲಿ ಅವಳಿಗಿಂತ ನನಗೇ ಹೆಚ್ಚು ಅಂಕ ಬಂತು. ಮುಂದಿನ ವರ್ಷಗಳಲ್ಲೂ ಬಂತು. ನನ್ನ ಮಾರ್ಕ್ಸ್ ಕಾರ್ಡು ಇವತ್ತಿಗೂ ಅವಳದಕ್ಕಿಂತ ಚೆಂದವಿದೆ. ಕ್ಲಿನಿಕ್ಕಿಗೆ ಬಂದವರು ಯಾರೂ ಅದನ್ನು ಕೇಳುವುದಿಲ್ಲ, ಅಷ್ಟೇ.

ಒಂದು ದಸರಾ ರಜೆಗೆ ನಾನು ಶಿವಮೊಗ್ಗಕ್ಕೆ ಬಂದಿದ್ದಾಗ, ‘ಒಂದಿನ ನಮ್ಮೂರಿಗೆ ಬಾರೇ’ ಎಂದು ಫೋನಿನಲ್ಲಿ ಜೀವ ತಿಂದಳು. ಹೋದೆ. ಪ್ರೀತಿಗೆ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಕಾಲೇಜು ನೋಡಬೇಕಿತ್ತು. ಅಲ್ಲೇನೂ ಇಲ್ಲ ಎಂದು ಕಣ್ಣಾರೆ ಕಂಡರೆ ನನ್ನ ಹೊಟ್ಟೆ ತಣ್ಣಗಾಗಬಹುದು ಎಂಬ ಆಸೆ. ಬಸ್ಸು ಮಾಚೇನಹಳ್ಳಿ ದಾಟುವಾಗ, ಅಲ್ಲಿನ ವರ್ಕ್‌ಶಾಪುಗಳಿಗೆ ಅವಳ ಅಪ್ಪ ಟೆಂಪೋ ಓಡಿಸುತ್ತಾರೆಂದು ಅವಳು ಹೇಳಿದ್ದು ನೆನಪಾಗಿ ಎದುರಿಗೆ ಬಂದ ಟೆಂಪೋಗಳನ್ನೆಲ್ಲ ಇಣುಕಿ ನೋಡಿದೆ.

ಕಾಲೇಜಿನಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಒಂದು ಉದ್ದ ಕೋಣೆ, ಕಾಲು ಅಲ್ಲಾಡುವ ಮೇಜುಗಳು, ಒಂದು ಮೂಲೆಯಲ್ಲಿ ಹಳೆಯ ದಿಂಬಿನ ಕವರು ಹೊದ್ದುಕೊಂಡ ಆ ಮೈಕ್ರೋಸ್ಕೋಪು. ನನಗೆ ಸಮಾಧಾನವಾಗತೊಡಗಿತ್ತು. ಅಷ್ಟರಲ್ಲಿ ಅವಳ ಮೇಡಂ ಬಂದರು. ರಜೆಯಲ್ಲೂ ಗಿಡಗಳಿಗೆ ನೀರು ಹಾಕಲು ಬಂದಿದ್ದರಂತೆ. ಸ್ಥೂಲಕಾಯದ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಹೆಂಗಸು. ನಾನು ಎಲ್ಲಿ ಓದಿದ್ದು ಎಂದು ಕೇಳಿ, ಹೆಸರು ಕೇಳಿದ ಮೇಲೆ “ಓ, ದೊಡ್ಡ ಕಾಲೇಜು!” ಎಂದು ನಿಜವಾಗಿಯೂ ಸಂತೋಷಪಟ್ಟರು. ಆಮೇಲೆ ದಿಂಬಿನ ಕವರು ತೆಗೆದು, “ಬಂದಿದೀಯ, ಒಂದ್ಸಲ ನೋಡು” ಅಂದರು. ಬಂದವರಿಗೆ ಕಾಫಿ ಕೊಡುವಂತೆ.

ಕಣ್ಣಿಟ್ಟೆ. ಈರುಳ್ಳಿ ಸಿಪ್ಪೆ.

“ಏನು ಕಾಣ್ತಿದೆಯಮ್ಮ?”

“ಸೆಲ್ಸ್, ಮೇಡಂ.”

“ಅದು ಪುಸ್ತಕದಲ್ಲಿರೋದು. ನಿಂಗೇನು ಕಾಣ್ತಿದೆ?”

ನಾನು ನೋಡಿದೆ, ನೋಡಿದೆ, ನೋಡಿದೆ. ನನಗೆ ಕಂಡದ್ದು ಪುಸ್ತಕದ ಚಿತ್ರವೇ. ಅದರ ಪಕ್ಕದಲ್ಲಿರುವ ಇಂಗ್ಲಿಷ್ ಹೆಸರುಗಳೂ ಕಂಡವು. “ಚೆನ್ನಾಗಿ ಕಾಣ್ತಿದೆ ಮೇಡಂ” ಅಂದೆ. ಮೇಡಂ ನನ್ನ ಬೆನ್ನು ತಟ್ಟಿದರು. ನನ್ನ ನಂತರ ಅವಳು ಬಗ್ಗಿ ಒಂದು ಗಳಿಗೆ ನೋಡಿ ಎದ್ದು, “ಮೇಲ್ಗಡೆ ಎಡಕ್ಕೆ ಗಾಳಿಗುಳ್ಳೆ ಸೇರಿದೆ ಮೇಡಂ. ಸಿಪ್ಪೆ ಒಣಗಿದೆ. ಇದು ಹೋದ ವಾರದ ಸ್ಲೈಡು, ನೀವು ತೊಳ್ದೇ ಇಲ್ಲ” ಅಂದಳು. ಇಬ್ಬರೂ ನಕ್ಕರು.

ಸಂಜೆ ಅವಳ ಅಮ್ಮ ಪುಳಿಯೋಗರೆ ಕಟ್ಟಿಕೊಟ್ಟರು. ಮನೆಗೆ ಕೊಂಡೊಯ್ಯಬೇಕೆಂದಿದ್ದೆ, ಸಿಟ್ಟಿಗೆ ಬಸ್ಸಿನಲ್ಲೇ ತಿಂದು ಮುಗಿಸಿದೆ. ಅದೂ ಚೆನ್ನಾಗಿತ್ತು.

ಓದು ಮುಗಿಯಿತು. ನಾನು ವಿದ್ಯಾನಗರದಲ್ಲಿ ಬೋರ್ಡು ಹಾಕಿದೆ. ಅವಳು ಭದ್ರಾವತಿಯಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಕ್ಲಿನಿಕ್ ತೆರೆದಳು. ಹಲ್ಲು ಹಾಳು ಮಾಡುವವರು ಕೆಳಗೆ, ರಿಪೇರಿ ಮಾಡುವವಳು ಮೇಲೆ ಎಂದು ನಾನು ಅವರಿವರ ಹತ್ತಿರ ಆಡಿಕೊಂಡು ನಕ್ಕೆ. ಆ ಮಾತು ಅವಳ ಕಿವಿಗೂ ಬಿತ್ತು. ಅವಳು ಅದನ್ನು ತನ್ನದೇ ಜೋಕು ಎಂಬಂತೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಅಲ್ಲೂ ಅದೇ ಪದ್ಧತಿ. ಹೊರಗೆ ಒಂದು ಉದ್ದ ಬೆಂಚು. ಒಳಗೆ ಹೋಗಿ ಬಂದವರು ಸೀದಾ ಮನೆಗೆ ಹೋಗುವಂತಿಲ್ಲ. ಅವಳು ಬಾಗಿಲವರೆಗೂ ಬಂದು, “ಒಳಗೆ ಏನು ಮಾಡಿದ್ವಿ ಅಂತ ಈ ಅಜ್ಜಿಗೆ ಸ್ವಲ್ಪ ಹೇಳಿ ಹೋಗಿ ಅಣ್ಣ” ಅನ್ನುವಳು. ಹಲ್ಲು ಕೀಳಿಸಿಕೊಂಡವನು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಸೂಜಿ ಎಲ್ಲಿ ಚುಚ್ಚಿದರು, ಎಷ್ಟು ಹೊತ್ತಿಗೆ ತುಟಿ ಮರಗಟ್ಟಿತು ಎಂದು ಅಭಿನಯ ಮಾಡಿ ತೋರಿಸುವನು. ಬೆಂಚಿನ ಮೇಲಿದ್ದವರ ಅರ್ಧ ಭಯ ಅಲ್ಲೇ ಇಳಿದುಹೋಗುತ್ತಿತ್ತು. ಅವನು ಏನಾದರೂ ತಪ್ಪು ಹೇಳಿದರೆ, ಅವಳು ತಾನು ಸರಿಯಾಗಿ ಹೇಳಿಲ್ಲವೆಂದು ಮತ್ತೆ ಕೂರಿಸಿ ಹೇಳುತ್ತಿದ್ದಳು. ಇದನ್ನೆಲ್ಲ ನನಗೆ ವರದಿ ಮಾಡಿದ್ದು ನನ್ನದೇ ಬೀದಿಯ ಜನ. ನನ್ನ ಗಾಜಿನ ಬಾಗಿಲು ದಾಟಿ, ಬಸ್ಸು ಹತ್ತಿ, ಅವಳ ಬೆಂಚಿಗೆ ಹೋಗಿ ಬಂದವರು. ‘ಒಳ್ಳೇ ಡಾಕ್ಟ್ರು, ನಿಮ್ಮ ಕ್ಲಾಸ್‌ಮೇಟಂತೆ’ ಎಂದು ನನ್ನ ಎದುರೇ ಹೊಗಳುತ್ತಿದ್ದರು. ‘ಹೌದು’ ಎಂದು ನಾನು ಹಲ್ಲು ಕಿರಿಯುತ್ತಿದ್ದೆ.

ಇಷ್ಟಾದರೂ ತಡೆದುಕೊಂಡಿದ್ದೆ. ತಡೆಯಲಾಗದ್ದು ಅಮ್ಮನ ವಿಷಯ.

ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಯೇ ಇದ್ದಾಳೆ. ಅವಳ ಹಲ್ಲೆಲ್ಲ ಬಿದ್ದಾಗ ಸೆಟ್ಟು ಮಾಡಿಕೊಡುವುದು ನನ್ನ ಪಾಲಿಗೆ ಬರೀ ಕೆಲಸವಾಗಿರಲಿಲ್ಲ. ನನ್ನನ್ನು ಓದಿಸಲು ಹಟ ಹಿಡಿದವಳು ಅವಳೇ. ‘ಮಗಳು ಮಾಡಿದ ಹಲ್ಲು’ ಎಂದು ನೆಂಟರ ಮದುವೆಗಳಲ್ಲಿ ಅವಳು ನಗಬೇಕು ಎಂದು ನನಗಿತ್ತು. ಇರುವುದರಲ್ಲೇ ಒಳ್ಳೆಯ ಸಾಮಾನು ತರಿಸಿದೆ. ಅಳತೆ ತೆಗೆದೆ. ಮೇಣದ ಪಟ್ಟಿ ಇಟ್ಟು “ಕಚ್ಚು” ಅಂದೆ. ಅಮ್ಮ ಕಚ್ಚಿದಳು. ಸೆಟ್ಟು ಬಂತು. ಕೂರಲಿಲ್ಲ. ಕೆಳಗಿನದು ಮಾತಾಡಿದರೆ ತೇಲುತ್ತಿತ್ತು, ಅಗಿದರೆ ವಸಡು ಒತ್ತುತ್ತಿತ್ತು. ಮತ್ತೊಂದು ಮಾಡಿದೆ. ಅದೂ ಹಾಗೇ. ಅಮ್ಮ ನಾನು ಮನೆಯಲ್ಲಿದ್ದಾಗ ಹಾಕಿಕೊಳ್ಳುವಳು, ನನ್ನ ಸ್ಕೂಟರಿನ ಸದ್ದು ಬೀದಿ ದಾಟಿದ ಕೂಡಲೇ ತೆಗೆದು ನೀರಿನ ಬಟ್ಟಲಿಗೆ ಹಾಕುವಳು. ಚಪಾತಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವಳು. ಇದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು.

ಆಮೇಲೆ ಇದ್ದಕ್ಕಿದ್ದಂತೆ ಅಮ್ಮನಿಗೆ ತವರಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ‘ಹೊಳಲೂರಿಗೆ ಹೋಗಿ ಬರ್ತೀನಿ’ ಎಂದು ವಾರಕ್ಕೊಮ್ಮೆ ಹೊರಡುವಳು, ಸಂಜೆಗೆ ವಾಪಸು. ಮಾವನ ಮನೆಯಿಂದ ಬಂದವಳ ಕೈಯಲ್ಲಿ ತೆಂಗಿನಕಾಯಿ ಇಲ್ಲ, ಬಾಳೆಗೊನೆ ಇಲ್ಲ, ಬೇಕರಿಯ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಇರುತ್ತಿತ್ತು. ಹೊಳಲೂರಿನ ಬಸ್ಸು ಹೋಗುವುದು ಒಂದು ದಿಕ್ಕಿಗೆ, ಭದ್ರಾವತಿಯದು ಇನ್ನೊಂದು ದಿಕ್ಕಿಗೆ. ಡಾಕ್ಟರಾದ ನನಗೆ ಆ ಬಿಸ್ಕತ್ತು ನೋಡಿಯೂ ಹೊಳೆಯಲಿಲ್ಲ.

ಒಂದು ಭಾನುವಾರ ಚಹಾ ಕುಡಿಯುತ್ತಾ ಕೂತಿದ್ದೆ. ಅಮ್ಮ ಎದುರಿಗೆ ಬಂದು ಕೂತು, ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಕಟಂ ಎಂದು ಕಡಿದಳು.

ನಾನು ಲೋಟ ಕೆಳಗಿಟ್ಟೆ. ಅಮ್ಮ ಇನ್ನೊಂದು ಸಲ ಕಡಿದಳು. ಒಂದು ಚೂರೂ ಅಲುಗಾಡಲಿಲ್ಲ.

“ಯಾರು ಮಾಡಿದ್ದು?”

“ನಿನ್ನ ಫ್ರೆಂಡು. ಬಯ್ಬೇಡ ಕಣೇ ಅವಳಿಗೆ.”

“ಯಾಕಮ್ಮಾ? ನಾನಿರ್ಲಿಲ್ವಾ?”

ಅಮ್ಮ ಸೀರೆಯ ಮೇಲೆ ಬಿದ್ದ ಚೂರುಗಳನ್ನು ಆರಿಸುತ್ತಾ ಹೇಳಿದಳು: “ನಿನ್ನ ಕುರ್ಚೀಲಿ ಕೂತ್ರೆ ನಂಗೆ ಪರೀಕ್ಷೆಗೆ ಕೂತಂಗಾಗತ್ತೆ. ನೀನು ಕಚ್ಚು ಅಂದ್ರೆ ನಂಗೆ ಭಯ. ಎಲ್ಲಿ ತಪ್ಪಾಗತ್ತೋ, ನಿನ್ನ ಕೆಲ್ಸ ಎಲ್ಲಿ ಕೆಡತ್ತೋ ಅಂತ ಜೋರಾಗಿ ಕಚ್ತಿದ್ದೆ.”

ಆ ಕೂಡಲೇ ಅವಳಿಗೆ ಫೋನು ಮಾಡಿದೆ. ಏನು ಬಯ್ಯಬೇಕೆಂದು ಹೊಂದಿಸಿಕೊಂಡಿದ್ದೆ. ಅವಳು ಎತ್ತಿದ ಕೂಡಲೇ, “ಕೋಡುಬಳೆ ತಿಂದ್ರಾ?” ಅಂದಳು.

“ನಮ್ಮಮ್ಮ ಅಂತ ಗೊತ್ತಿತ್ತು ನಿಂಗೆ!”

“ಗೊತ್ತಿತ್ತು. ‘ನಿಮ್ಮ ಮಗಳ ಹತ್ರಾನೇ ಹೋಗಿ’ ಅಂತ ಕಳ್ಸಿದೆ. ‘ಮತ್ತೆ ಅಲ್ಲಿಗೇ ಕಳಿಸ್ತೀಯಾ’ ಅಂತ ಅತ್ತುಬಿಟ್ರು ಮಾರಾಯ್ತಿ. ಏನು ಮಾಡ್ಲಿ? ನೋಡು, ಕಚ್ಚಿ ಅಂದ್ರೆ ಅಮ್ಮ ದವಡೆ ಮುಂದಕ್ಕೆ ತಳ್ತಾರೆ. ಹಲ್ಲಿಲ್ದೆ ಇದ್ದು ಇದ್ದು ಅಭ್ಯಾಸ ಆಗಿದೆ, ನಿನ್ನ ಹತ್ರ ಇನ್ನೂ ಜಾಸ್ತಿ ತಳ್ಳಿರ್ತಾರೆ. ನೀನು ಆ ಅಳತೆಗೇ ಹಲ್ಲು ಕೂರ್ಸಿದೀಯ. ಅವ್ರನ್ನ ಮಾತಾಡಿಸ್ಬೇಕು ಕಣೇ. ಮಾತಾಡ್ತಾ ಮಾತಾಡ್ತಾ ಎಂಜಲು ನುಂಗ್ತಾರಲ್ಲ, ಆಗ ದವಡೆ ತಂತಾನೇ ಜಾಗಕ್ಕೆ ಹೋಗತ್ತೆ.”

ಹಲ್ಲಿಲ್ಲದವರು ದವಡೆ ಮುಂದಕ್ಕೆ ತಳ್ಳುತ್ತಾರೆ ಎಂಬುದು ಪಠ್ಯಪುಸ್ತಕದಲ್ಲೇ ಇದೆ. ಯಾವ ಪುಟದ ಯಾವ ಮೂಲೆಯಲ್ಲಿದೆ ಎಂದೂ ನನಗೆ ಗೊತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಎದುರಿಗೆ ಕೂತ ಅಮ್ಮನ ಗದ್ದ ಮುಂದಕ್ಕೆ ಬಂದದ್ದು ಮಾತ್ರ ನನಗೆ ಕಾಣಲಿಲ್ಲ. ನಾನು ಫೋನು ಇಟ್ಟುಬಿಟ್ಟೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಆಮೇಲೆ ನಾವು ಮಾತಾಡಿದ್ದು ಕಡಿಮೆ. ಹಬ್ಬಕ್ಕೆ ಅವಳು ಮೆಸೇಜು ಹಾಕುವಳು, ನಾನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುವೆ. ಅಮ್ಮ ದಿನಾ ಕೋಡುಬಳೆ, ಚಕ್ಕುಲಿ, ಹುರಿಗಡಲೆ ಎಂದು ಕಟಕಟ ಕಡಿಯುತ್ತಲೇ ಇದ್ದಳು. ಮದುವೆ ಮನೆಗಳಲ್ಲಿ ನೆಂಟರು, “ಮಗಳು ಹಲ್ಲಿನ ಡಾಕ್ಟ್ರಾದ್ರೆ ಹಿಂಗಿರ್ಬೇಕು ನೋಡಿ” ಎಂದು ಹೊಗಳಿದರೆ ಅಮ್ಮ ನನ್ನ ಮರ್ಯಾದೆ ಉಳಿಸಲು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅದಂತೂ ಇನ್ನೂ ಉರಿ.

ಕಳೆದ ವರ್ಷ ಅವಳಿಗೆ ಡೆಂಗ್ಯೂ ಬಂತು. ವಾರದೊಳಗೆ ಎಲ್ಲ ಮುಗಿಯಿತು. ಸುದ್ದಿ ಬಂದಾಗ ನಾನು ರೋಗಿಯೊಬ್ಬರ ಹಲ್ಲು ಸ್ವಚ್ಛಮಾಡುತ್ತಿದ್ದೆ. ಅದನ್ನು ಮುಗಿಸಿ, ಕೈ ತೊಳೆದು, ಅಮ್ಮನನ್ನು ಕರೆದುಕೊಂಡು ಭದ್ರಾವತಿಗೆ ಹೋದೆ. ದಾರಿಯಲ್ಲಿ ಅಮ್ಮ ಅಳುತ್ತಲೇ ಇದ್ದಳು. ನನಗೆ ಅಳು ಬರಲಿಲ್ಲ. ಮಾಚೇನಹಳ್ಳಿ ದಾಟುವಾಗ ಕಿಟಕಿಯಿಂದ ಟೆಂಪೋಗಳನ್ನು ನೋಡುತ್ತಿದ್ದೇನೆ ಎಂದು ಗೊತ್ತಾಗಿ ಮುಖ ತಿರುಗಿಸಿದೆ.

ಬೀದಿಯ ತುದಿಯಲ್ಲೇ ಅವಳ ಫೋಟೋದ ಫ್ಲೆಕ್ಸ್ ಕಟ್ಟಿದ್ದರು. ಬೇಕರಿಯವರು ಕದ ಹಾಕಿದ್ದರು. ಅವಳ ಮನೆಯೊಳಗೆ ಹೋಗಲು ಜಾಗವಿರಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರು, ಗ್ಯಾರೇಜಿನವರು, ಬುರ್ಖಾದ ಹೆಂಗಸರು, ರಿಟೈರಾದ ಕಾರ್ಖಾನೆಯವರು. ಅವಳ ಆ ಮೇಡಂ ಗೋಡೆಗೊರಗಿ ಕೂತಿದ್ದರು, ಕನ್ನಡಕ ತಲೆಯ ಮೇಲೇ ಇತ್ತು. ನಾನು ಹೋದರೆ ಇಷ್ಟು ಜನ ಬಂದಾರೆಯೇ ಎಂದು ನನಗೆ ಆ ಹೊತ್ತಿನಲ್ಲೂ ಅನಿಸಿತು. ಎದುರಿಗೆ ಅಜ್ಜಿಯರ ಒಂದು ಸಾಲು ಬಾಯ್ತೆರೆದು ಗೋಳೋ ಎಂದು ಅಳುತ್ತಿತ್ತು. ದೇವರು ನನ್ನನ್ನು ಕ್ಷಮಿಸಲಿ, ನಾನು ಅವರ ಹಲ್ಲು ನೋಡುತ್ತಿದ್ದೆ. ಅಷ್ಟು ಅತ್ತರೂ ಒಬ್ಬರದೂ ಜಾರಲಿಲ್ಲ. ಆಗ ನನಗೆ ಅಳು ಬಂತು.

ಈ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮ ಬಚ್ಚಲಿನಿಂದ ಬಂದು ನನ್ನ ಮುಂದೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಎರಡು ತುಂಡಾದ ಕೆಳಗಿನ ಸೆಟ್ಟು. ತೊಳೆಯುವಾಗ ಕೈಜಾರಿ ಕಲ್ಲಿನ ಮೇಲೆ ಬಿದ್ದಿತ್ತು.

“ಅಂಟಿಸಿ ಕೊಡ್ತೀಯಾ?” ಅಂದಳು. ಮಗು ಒಡೆದ ಆಟದ ಸಾಮಾನು ಹಿಡಿದು ನಿಂತಂತೆ ನಿಂತಿದ್ದಳು.

ತಿರುಗಿಸಿ ನೋಡಿದೆ. ಅಂಟಿಸಬಹುದಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಅಮ್ಮನ ವಸಡು ಸವೆದಿತ್ತು, ಅಂಟಿಸಿದರೂ ಹೆಚ್ಚು ದಿನ ಬಾಳುತ್ತಿರಲಿಲ್ಲ. ಹೊಸದೇ ಬೇಕಿತ್ತು. “ಹೊಸದು ಮಾಡ್ತೀನಿ” ಅಂದೆ. ನಿಜ ಹೇಳಬೇಕೆಂದರೆ ನನಗೆ ಸಂತೋಷವಾಯಿತು. ಕೊನೆಗೂ ಕುರ್ಚಿ ನನ್ನದು, ಬಾಯಿ ನಮ್ಮಮ್ಮನದು, ನಡುವೆ ಅವಳಿಲ್ಲ. ಅಮ್ಮನ ಮುಖ ಮಾತ್ರ ಬಾಡಿತು. ನನಗೆ ಕಾಣಬಾರದೆಂದು ಬೇಗ ಸರಿಮಾಡಿಕೊಂಡಳು.

ಕ್ಲಿನಿಕ್ಕಿನಲ್ಲಿ ಅಮ್ಮನನ್ನು ಕೂರಿಸಿದೆ. ಅಳತೆಯೆಲ್ಲ ಆಯಿತು. ಮೇಣದ ಪಟ್ಟಿ ಇಟ್ಟು “ಕಚ್ಚು” ಅಂದೆ. ಅಮ್ಮ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕಚ್ಚಿದಳು. ಗದ್ದ ಮುಂದಕ್ಕೆ ಬಂತು. ಈ ಸಲ ಕಂಡಿತು. ನನ್ನ ತಾಯಿ ನನಗೆ ಹೆದರಿ ಕೂತಿದ್ದಳು.

ಕೈಯಲ್ಲಿದ್ದದ್ದನ್ನು ಟ್ರೇಯಲ್ಲಿಟ್ಟೆ. ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತೆ. “ಅವಳ ಹತ್ರ ಹೋದಾಗ ಏನು ಮಾತಾಡ್ತಿದ್ರಿ?”

ಅಮ್ಮ ಕಣ್ಣು ಬಿಟ್ಟಳು. “ಯಾಕೆ?”

“ಸುಮ್ನೆ ಕೇಳ್ದೆ.”

“ಕೋಡುಬಳೆ ಹೆಂಗೆ ಮಾಡೋದು ಅಂತ ಕೇಳೋಳು. ಹೋದಾಗೆಲ್ಲ ಅದನ್ನೇ ಕೇಳೋಳು. ಅವಳಿಗೆ ಗೊತ್ತಾಗಿತ್ತು ಅನ್ಸತ್ತೆ, ಆದ್ರೂ ಕೇಳೋಳು. ನಾನೂ ಹೇಳೋಳು.”

“ನಂಗೂ ಹೇಳು.”

“ನಿಂಗ್ಯಾವತ್ತು ಬೇಕಾಗಿತ್ತು ಅದೆಲ್ಲ?” ಅಂದಳು. ಆದರೆ ಹೇಳತೊಡಗಿದಳು. ಬಾಯಲ್ಲಿ ಮೇಣ ಇಟ್ಟುಕೊಂಡೇ, ತೊದಲುತ್ತಾ ಹೇಳಿದಳು. ಎಷ್ಟು ಬ್ಯಾಡಗಿ ಮೆಣಸಿಗೆ ಎಷ್ಟು ಅಕ್ಕಿಹಿಟ್ಟು ಕಲಸಬೇಕು, ಚಿರೋಟಿ ರವೆ ಯಾಕೆ ಹುರಿಯಬೇಕು, ಕಾದ ಎಣ್ಣೆಯನ್ನು ಹಿಟ್ಟಿಗೆ ಯಾವಾಗ ಹಾಕಬೇಕು, ತನ್ನ ಅತ್ತೆ ಕೊಬ್ಬರಿ ಹೆಚ್ಚು ಹಾಕಿ ಹೇಗೆ ಕೆಡಿಸುತ್ತಿದ್ದರು. ಕೈ ಕುರ್ಚಿ ಬಿಟ್ಟು ಗಾಳಿಯಲ್ಲಿ ಹಿಟ್ಟು ಹೊಸೆಯತೊಡಗಿತು. ಎಣ್ಣೆಯ ಉರಿ ಸಣ್ಣದಿರಬೇಕು ಅನ್ನುವ ಹೊತ್ತಿಗೆ ಅವಳ ಬಾಯಲ್ಲಿ ನೀರೂರಿ ಗುಟುಕ್ಕನೆ ನುಂಗಿದಳು. ದವಡೆ ಹಿಂದಕ್ಕೆ ಸರಿದು ತನ್ನ ಜಾಗದಲ್ಲಿ ಹೋಗಿ ಕೂತಿತು. ಅಲ್ಲೇ ಗುರುತು ಹಾಕಿಕೊಂಡೆ.

ಸೆಟ್ಟು ಬಂದ ದಿನ ಅಮ್ಮನ ಬಾಯಲ್ಲಿ ಇಟ್ಟೆ. ಅಲುಗಲಿಲ್ಲ. ಮನೆಗೆ ಬಂದವಳೇ ಅಮ್ಮ ಡಬ್ಬಿ ತೆಗೆದಳು. ನಾನು ಎದುರಿಗೆ ಕೂತು ಕಾಯುತ್ತಿದ್ದೆ. ಈ ವಯಸ್ಸಿನಲ್ಲಿ, ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ. ಅಮ್ಮ ಕೋಡುಬಳೆ ಕಟಂ ಎಂದು ಕಡಿದು, ಒಂದು ಕ್ಷಣ ತಡೆದು, ನಾಲಿಗೆಯಿಂದ ಎಲ್ಲ ಕಡೆ ಸವರಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

“ಥೇಟ್ ಅವಳು ಮಾಡಿದಂಗೇ ಇದೆ ಕಣೇ” ಅಂದಳು.

ಆಹಾ, ಉರಿಯಿತು ನೋಡಿ ಹೊಟ್ಟೆ! ಇಷ್ಟು ವರ್ಷ ಕಾದು, ಕೊನೆಗೆ ಬಂದ ಹೊಗಳಿಕೆಯಲ್ಲೂ ಅವಳೇ ಬಂದು ಕೂತಿದ್ದಳು.

“ಚೆನ್ನಾಗಿ ಕಲ್ಸಿದಾಳೆ” ಅಂದೆ, ಮೆಲ್ಲಗೆ.

“ಏನಂದೆ?” ಎಂದು ಅಮ್ಮ ಕೇಳಿದಳು. ಕೋಡುಬಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ. ಇನ್ನೊಂದು ಸಲ ಹೇಳುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.